ಬಜ್ಪೆಯಲ್ಲಿ ಚೆಕ್-ಇನ್ ಕ್ಯೂ ಮುಗಿಸಿ ಲೌಂಜ್‌ಗೆ ಹೋಗಲು ಸಮಯ ಸಿಗುತ್ತದಾ?

ಅಂಬಲಪಾಡಿಯವಳು

ನಮಸ್ಕಾರ. ಬಜ್ಪೆಯಲ್ಲಿರುವ ಮಂಗಳೂರು ಏರ್‌ಪೋರ್ಟ್‌ನಿಂದ ಹೋಗಿ ಬಂದು ಅಭ್ಯಾಸ ಇರುವವರು ಯಾರಾದರೂ ಸ್ವಲ್ಪ ಹೇಳಿ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ದುಬೈಯಲ್ಲಿರುವ ತಂಗಿ ಮನೆಗೆ ಹೋಗುವುದುಂಟು. ಅವರಿಬ್ಬರಿಗೂ ಮೊದಲ ವಿದೇಶ ಪ್ರಯಾಣ. ಟಿಕೆಟ್ ಇನ್ನೂ ಮಾಡಿಲ್ಲ. ಬಜ್ಪೆಯಿಂದ ನೇರ ವಿಮಾನ ನೋಡುತ್ತಿದ್ದೇನೆ, ಆದರೆ ಬೆಂಗಳೂರಿನ ಮೇಲಿಂದ ಬೇರೆ ಬೇರೆ ಟಿಕೆಟ್ ಮಾಡಿದರೆ ತಲೆಗೆ ಸ್ವಲ್ಪ ಕಡಿಮೆ ಆಗುತ್ತದೆ ಅಂತ ಒಬ್ಬರು ಹೇಳಿದರು.

ನನ್ನ ಚಿಂತೆ ಚೆಕ್-ಇನ್ ಬಗ್ಗೆ. ಹಿಂದೆ ಇಲ್ಲಿಂದಲೇ ಮುಂಬೈಗೆ ಹೋಗಿದ್ದಾಗ ಕೌಂಟರ್ ಮುಂದೆ ನಿಂತು ನಿಂತು ಸಾಕಾಗಿತ್ತು. ಇದ್ದದ್ದೇ ಎರಡು ಕೌಂಟರ್, ಅದರಲ್ಲಿ ಒಂದರ ಮುಂದೆ ಒಂದು ಕುಟುಂಬ ಬ್ಯಾಗ್ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಈ ಬ್ಯಾಗಿನದ್ದು ಆ ಬ್ಯಾಗಿಗೆ ಹಾಕುತ್ತಾ ಕೂತಿತ್ತು. ಸೆಕ್ಯುರಿಟಿ ಮುಗಿಸಿ, ಉಳಿದ ಸ್ವಲ್ಪ ಹೊತ್ತಿನಲ್ಲಿ ಒಂದು ಕಾಫಿಯಾದರೂ ಕುಡಿಯುವ ಅಂತ, ಬ್ಯಾಂಕಿನ ಕಾರ್ಡ್ ಇದ್ದರೆ ಉಚಿತವಾಗಿ ಕೂರಲು ಬಿಡುವ ಲೌಂಜ್‌ಗೆ ಹೋದರೆ, ಕಾರ್ಡ್ ಉಜ್ಜಿ "ಆಗುವುದಿಲ್ಲ ಮೇಡಂ" ಅಂದರು. ಯಾಕೆ ಅಂತ ಕೇಳಿದರೆ "ಬ್ಯಾಂಕಿಗೆ ಕೇಳಿ". ಬ್ಯಾಂಕಿಗೆ ಕೇಳಿದರೆ "ಲೌಂಜಿನವರಿಗೆ ಕೇಳಿ". ಆಯಿತಲ್ಲ!

ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಅಪ್ಪನದ್ದು ಬೇರೆಯೇ ಲೆಕ್ಕ, ರಾತ್ರಿ ವಿಮಾನ ಅಂದರೆ ಮಧ್ಯಾಹ್ನ ಊಟ ಮುಗಿಸಿ ಹೊರಡಬೇಕು ಅನ್ನುವವರು. ಉಡುಪಿಯಿಂದ ಎಷ್ಟು ಹೊತ್ತಿಗೆ ಹೊರಡುವುದು ಸರಿ? ಕ್ಯೂ ಕಡಿಮೆ ಮಾಡಿಕೊಳ್ಳಲು ದಾರಿ ಉಂಟಾ? ಮೂವರೂ ಲೌಂಜ್‌ನಲ್ಲಿ ಕೂರಬೇಕಾದರೆ ಎಂತ ಮಾಡಬೇಕು? ದುಡ್ಡು ಕೊಟ್ಟು ಹೋಗುವುದಾದರೂ ಸರಿ, ಆದರೆ ಬಾಗಿಲಲ್ಲಿ ನಿಂತು ವಾದ ಮಾಡಲು ನನ್ನಿಂದ ಆಗುವುದಿಲ್ಲ.

ಕಿನ್ನಿಗೋಳಿ ರಿಟರ್ನ್

ಅಕ್ಕ, ಗಲ್ಫ್‌ನಲ್ಲಿ ಬಹಳ ವರ್ಷ ಇದ್ದು ಬಂದವನು, ಬಜ್ಪೆಯ ಹಳೆ ಟರ್ಮಿನಲ್ಲನ್ನೂ ಕಂಡವನು. 2010ರಲ್ಲಿ ಕೆಂಜಾರಿನ ಕಡೆ ಹೊಸ ಟರ್ಮಿನಲ್ ಆಯಿತು, 2020ರ ಅಕ್ಟೋಬರ್‌ನಲ್ಲಿ ಅದಾನಿಯವರ ಕೈಗೆ ಹೋಯಿತು, ನೆಲ ಹೊಳೆಯಿತು, ಅಂಗಡಿ ಬಂತು. ಆದರೆ ಕ್ಯೂ ನಿಧಾನ ಆಗುವುದಕ್ಕೆ ಕಟ್ಟಡಕ್ಕಿಂತ ನಮ್ಮ ಜನರ ಸಾಮಾನೇ ದೊಡ್ಡ ಕಾರಣ. ನೀವು ಕಂಡ ಆ ನೆಲದ ಮೇಲಿನ ಕುಟುಂಬ ಉಂಟಲ್ಲ, ಗಲ್ಫ್ ವಿಮಾನದ ದಿನ ಅಂಥವರು ಪ್ರತಿ ಕೌಂಟರ್ ಮುಂದೆಯೂ ಇರುತ್ತಾರೆ.

ಹಾಗಾಗಿ ಮೊದಲು ತೂಕ. ಕೈಯಲ್ಲಿ ಹಿಡಿದು ನೇತು ಹಾಕುವ ಸಣ್ಣ ತೂಕದ ಯಂತ್ರ ಸಿಗುತ್ತದೆ, ಮನೆಯಲ್ಲೇ ತೂಗಿ. ಟಿಕೆಟ್‌ನಲ್ಲಿ ಬರೆದ ತೂಕಕ್ಕಿಂತ ಒಂದು ಕಿಲೋ ಕಡಿಮೆ ಇಡಿ, ಯಾಕೆಂದರೆ ನಿಮ್ಮ ಯಂತ್ರ ಮತ್ತು ಅವರ ಯಂತ್ರ ಒಂದೇ ಮಾತು ಹೇಳುವುದಿಲ್ಲ. ಕ್ಯಾಬಿನ್ ಬ್ಯಾಗ್ ಒಬ್ಬರಿಗೆ ಒಂದೇ, ಇಕಾನಮಿಯಲ್ಲಿ ಸಾಮಾನ್ಯವಾಗಿ 7 ಕಿಲೋ. ಹಗ್ಗ ಸುತ್ತಿದ ಉರುಟು ಗಂಟು ಬೇಡ, ಚಪ್ಪಟೆ ತಳ ಇರುವ ಪೆಟ್ಟಿಗೆ ಅಥವಾ ಸೂಟ್‌ಕೇಸ್ ಮಾಡಿ. ದುಬೈಯಲ್ಲಿ ಬೆಲ್ಟ್‌ಗೆ ಉರುಟು ಸಾಮಾನು ಆಗುವುದಿಲ್ಲ, ಇಲ್ಲೇ ತಡೆಯುತ್ತಾರೆ.

ಎರಡನೆಯದು ತಿಂಡಿ. ತಂಗಿ ಮನೆಗೆ ಹೋಗುವುದು ಅಂದ ಮೇಲೆ ಅಮ್ಮ ಅರ್ಧ ಅಡುಗೆಮನೆ ಕಟ್ಟುತ್ತಾರೆ, ಅದು ಬೇಡ ಅನ್ನಲು ನಾನು ಯಾರು. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಪತ್ರೊಡೆ ಎಲೆ ಎಂತ ಬೇಕಾದರೂ ಇರಲಿ. ಆದರೆ ಒಣ ಕೊಬ್ಬರಿ ಬೇಡವೇ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಅಂತ ಲೆಕ್ಕ, ಸ್ಕ್ಯಾನ್‌ನಲ್ಲಿ ಕಂಡರೆ ಬ್ಯಾಗ್ ತೆರೆಸುತ್ತಾರೆ. ಗಸಗಸೆ ಒಂದು ಚಮಚವೂ ಬೇಡ. ನಮಗೆ ಅದು ಪಾಯಸದ ಸಾಮಾನು, ಯುಎಇಯಲ್ಲಿ ಅದು ಮಾದಕ ವಸ್ತುವಿನ ಕೇಸು, ತಮಾಷೆ ಅಲ್ಲ. ಮಸಾಲೆ ಪುಡಿ ಮನೆಯಲ್ಲಿ ಮಾಡಿದ್ದಾದರೆ ಗಸಗಸೆ ಹಾಕಿದ್ದಾರಾ ಅಂತ ಅಮ್ಮನನ್ನು ಒಮ್ಮೆ ಕೇಳಿ. ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ಕೈಚೀಲದಲ್ಲಿ ಇಡಬೇಡಿ. ವಿದೇಶ ವಿಮಾನದಲ್ಲಿ ಕೈಯಲ್ಲಿ ಒಯ್ಯುವ ದ್ರವ ಒಂದು ಬಾಟಲಿಗೆ 100 ಮಿಲಿ ಮೀರಬಾರದು. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಯಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ಆ ಬ್ಯಾಗ್ ಬೆಲ್ಟ್‌ನಿಂದ ವಾಪಸ್ ಬರುತ್ತದೆ, ಮತ್ತೆ ನಿಮ್ಮ ಹೆಸರು ಕೂಗುತ್ತಾರೆ, ಲೌಂಜ್ ಸಮಯ ಅಲ್ಲಿಗೇ ಮುಗಿಯಿತು.

ದಾರಿಯ ವಿಷಯ. ಉಡುಪಿಯಿಂದ ಸುಮಾರು 60 ಕಿಲೋಮೀಟರ್. ಸುರತ್ಕಲ್, ಕೂಳೂರು, ಕಾವೂರು ಮೇಲೆ ಹೋದರೆ ಕೂಳೂರು ಸೇತುವೆಯಲ್ಲಿ ಸಂಜೆ ಹೊತ್ತು ಸಿಕ್ಕಿಬೀಳುವುದುಂಟು. ಮೂಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು, ಬಜ್ಪೆ ಅಂತ ಹೋಗುವುದು ನನಗೆ ಇಷ್ಟ. ಒಂದೇ ತೊಂದರೆ, ಕಟೀಲು ದಾಟುವಾಗ ಅಮ್ಮ "ಇಷ್ಟು ದೂರ ಬಂದು ದೇವಿಗೆ ಕೈ ಮುಗಿಯದೆ ಹೋಗುವುದಾ" ಅನ್ನುತ್ತಾರೆ, ಅದಕ್ಕೂ ಅರ್ಧ ಗಂಟೆ ಇಟ್ಟುಕೊಳ್ಳಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ಬಾಗಿಲಲ್ಲಿ ಇದ್ದರೆ ಸಾಕು.

ಹಿಂದೆ ಕೌಂಟರ್‌ನಲ್ಲಿ ಕೂತವನು

ಮೇಲಿನವರು ಸಾಮಾನಿನ ಬಗ್ಗೆ ಹೇಳಿದ್ದು ಸರಿ. ಆದರೆ ನಾನು ಒಂದು ವಿಮಾನ ಕಂಪನಿಗೆ ಕೌಂಟರ್ ಕೆಲಸ ಮಾಡಿದವನು, ಒಳಗಿನಿಂದ ನೋಡಿದರೆ ಕ್ಯೂ ನಿಲ್ಲುವುದು ತೂಕಕ್ಕಿಂತ ಜಾಸ್ತಿ ಕಾಗದಕ್ಕೆ. ದೇಶದೊಳಗಿನ ವಿಮಾನಕ್ಕೆ ಗುರುತಿನ ಚೀಟಿ ನೋಡಿ ಬ್ಯಾಗ್ ಎಸೆದರೆ ಕೆಲಸ ಮುಗಿಯಿತು. ದುಬೈಗೆ ಹಾಗಲ್ಲ. ಪಾಸ್‌ಪೋರ್ಟ್‌ಗೆ ಇನ್ನು 6 ತಿಂಗಳು ಬಾಕಿ ಇದೆಯಾ, ವೀಸಾದಲ್ಲಿರುವ ಹೆಸರು, ನಂಬರ್ ಪಾಸ್‌ಪೋರ್ಟ್‌ಗೆ ಸರಿ ಇದೆಯಾ, ವಾಪಸ್ ಟಿಕೆಟ್ ಇದೆಯಾ, ಎಲ್ಲ ನೋಡಬೇಕು. ತಪ್ಪು ಕಾಗದದವರನ್ನು ಹತ್ತಿಸಿದರೆ ಅಲ್ಲಿಂದ ವಾಪಸ್ ತರುವ ಖರ್ಚು ಕಂಪನಿಯದ್ದು. ಹಾಗಾಗಿ ಕೌಂಟರ್‌ನ ಹುಡುಗಿ ನಿಧಾನ ಮಾಡುತ್ತಾಳೆ ಅಂತ ಬೈಯಬೇಡಿ, ಅವಳ ಕುತ್ತಿಗೆಗೆ ಬರುತ್ತದೆ.

ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಅಪ್ಪ ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆ ಅನ್ನುವುದು. ನಮ್ಮ ಕಡೆ ಹಳೆಯವರಿಗೆ ಬರೇ ಒಂದು ಹೆಸರು, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇಯವರು ವಿಸಿಟ್ ಅಥವಾ ಟೂರಿಸ್ಟ್ ವೀಸಾದಲ್ಲಿ ಬರುವವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದರೆ ಬಿಡುವುದಿಲ್ಲ ಅಂತ ನಿಯಮ ಮಾಡಿದ್ದಾರೆ. ಗಿವನ್ ನೇಮ್, ಸರ್‌ನೇಮ್ ಎರಡೂ ಸೇರಿ ಒಂದೇ ಪದ ಆಗುತ್ತದಾ ಅಂತ ಇವತ್ತೇ ತೆಗೆದು ನೋಡಿ. ಹಾಗಿದ್ದರೆ ಟಿಕೆಟ್ ಮಾಡುವ ಮೊದಲು ವೀಸಾ ಮಾಡಿಸುವವರ ಹತ್ತಿರ ಮಾತಾಡಿ, ಪಾಸ್‌ಪೋರ್ಟ್ ಸರಿ ಮಾಡಿಸಬೇಕಾಗಿ ಬರಬಹುದು. ಲೌಂಜ್ ಬಗ್ಗೆ ಆಮೇಲೆ ಯೋಚಿಸುವ.

ಕಾಗದ ಪ್ರಿಂಟ್ ಮಾಡಿ, ಒಬ್ಬೊಬ್ಬರದ್ದು ಒಂದೊಂದು ಫೈಲ್. ಮೊಬೈಲ್‌ನಲ್ಲಿ ಉಂಟು ಅಂತ ವಾಟ್ಸಾಪ್ ಮೇಲೆ ಕೆಳಗೆ ಎಳೆಯುತ್ತಾ ತಂಗಿಗೆ ಫೋನ್ ಮಾಡುವವರು ಎಷ್ಟೋ ಮಂದಿ, ಅವರ ಹಿಂದೆ ನಿಂತವರಿಗೆ ಮಾತ್ರ ಅದರ ಬಿಸಿ ಗೊತ್ತು.

ವೆಬ್ ಚೆಕ್-ಇನ್ ತೆರೆದ ಕೂಡಲೇ ಮಾಡಿ. ಕಾಗದ ಹೇಗೂ ಕೌಂಟರ್‌ನಲ್ಲಿ ನೋಡುತ್ತಾರೆ, ಹಾಗಂತ ವೆಬ್ ಚೆಕ್-ಇನ್ ಸುಮ್ನೆ ಅಲ್ಲ. ಮೂವರಿಗೂ ಒಟ್ಟಿಗೆ ಸೀಟು ಸಿಗುತ್ತದೆ, ಕೆಲವು ದಿನ ಅಂಥವರಿಗೆ ಬ್ಯಾಗ್ ಡ್ರಾಪ್ ಅಂತ ಬೇರೆ ಸಾಲು ಇರುತ್ತದೆ. ಬೋರ್ಡ್ ಕಾಣದಿದ್ದರೂ ಕೇಳಿ.

ಇನ್ನು ಕೌಂಟರ್ ತೆರೆಯುವುದು ಹೆಚ್ಚು ಕಡಿಮೆ ಮೂರು ಗಂಟೆ ಮುಂಚೆ, ಮುಚ್ಚುವುದು ಒಂದು ಗಂಟೆ ಅಥವಾ ಅದಕ್ಕೂ ಸ್ವಲ್ಪ ಮುಂಚೆ, ಕಂಪನಿ ಮೇಲೆ ಹೋಗುತ್ತದೆ, ಟಿಕೆಟ್‌ನಲ್ಲಿ ಬರೆದಿರುತ್ತದೆ. ಅಪ್ಪನಿಗೆ ಹೇಳಿ, ಮಧ್ಯಾಹ್ನವೇ ಹೋದರೆ ಕೌಂಟರೇ ತೆರೆದಿರುವುದಿಲ್ಲ, ಲೌಂಜ್ ಇರುವುದು ಸೆಕ್ಯುರಿಟಿಯ ಆಚೆ, ಅಲ್ಲಿಯವರೆಗೆ ಹೊರಗೆ ಕೂರಬೇಕು. ಆದರೆ ತೆರೆಯುವ ಹೊತ್ತಿಗೆ ಸರಿಯಾಗಿ ಹೋದರೆ ಮೊದಲ ಹತ್ತಿಪ್ಪತ್ತು ಜನರಲ್ಲಿ ಇರುತ್ತೀರಿ. ಕ್ಯೂ ಉದ್ದ ಆಗುವುದು ಅದರ ನಂತರದ ಒಂದು ಗಂಟೆ, ಕಾಸರಗೋಡು, ಭಟ್ಕಳ, ಪುತ್ತೂರು ಎಲ್ಲ ಕಡೆಯ ವಾಹನ ಒಟ್ಟಿಗೆ ಬಂದಾಗ. ಒಬ್ಬ ಹೋಗುವುದಕ್ಕೆ ಒಂದು ವಾಹನ ತುಂಬ ಜನ ಕಳುಹಿಸಲು ಬರುತ್ತಾರಲ್ಲ, ಅವರ ಅಳು ಮುಗಿದು ಇವರು ಒಳಗೆ ಬರುವಾಗ ತಡ ಆಗುತ್ತದೆ.

ಕಾರ್ಡ್ ಪುರಾಣ

ಲೌಂಜ್ ವಿಷಯಕ್ಕೆ ನಾನು ಬರುತ್ತೇನೆ, ಇದು ನನ್ನ ಹುಚ್ಚು.

ನಿಮ್ಮ ಕಾರ್ಡ್ ಯಾಕೆ ಆಗಲಿಲ್ಲ ಅನ್ನುವುದಕ್ಕೆ ಕಾರಣ ಹಲವು ಇರಬಹುದು. ಜಾಸ್ತಿ ಕಾಣುವುದು ಖರ್ಚಿನ ಷರತ್ತು. ಮೊದಲು ಕಾರ್ಡ್ ಇದ್ದರೆ ಸಾಕು ಅನ್ನುವ ಕಾಲ ಇತ್ತು, ಈಗ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಅಂತ ಬ್ಯಾಂಕುಗಳು ಇಟ್ಟಿವೆ. ಉದಾಹರಣೆಗೆ ಐಸಿಐಸಿಐಯ ಹಲವು ಕಾರ್ಡ್‌ಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ 2024ರ ಏಪ್ರಿಲ್‌ನಿಂದ 35,000 ರೂಪಾಯಿ ಇತ್ತು, ಅದೇ ವರ್ಷ ನವೆಂಬರ್‌ನಿಂದ 75,000 ಆಯಿತು, ಎಚ್‌ಡಿಎಫ್‌ಸಿ 2023ರ ಡಿಸೆಂಬರ್‌ನಿಂದ ಕೆಲವು ಕಾರ್ಡ್‌ಗಳಿಗೆ 1 ಲಕ್ಷ ಅಂತ ಮಾಡಿತು. ಗಮನಿಸಿ, ಜನವರಿ–ಮಾರ್ಚ್ ಹೀಗೆ ಕ್ಯಾಲೆಂಡರ್ ಲೆಕ್ಕ. ಮೇನಲ್ಲಿ ಹೋಗುವುದಾದರೆ ಐಸಿಐಸಿಐಯವರು ಮಾರ್ಚ್‌ವರೆಗಿನ ಖರ್ಚು ನೋಡುತ್ತಾರೆ, ಏಪ್ರಿಲ್‌ನಲ್ಲಿ ಚಿನ್ನ ತೆಗೆದುಕೊಂಡದ್ದು ಲೆಕ್ಕಕ್ಕಿಲ್ಲ.

ಎರಡನೆಯದು ನಡುವಿನ ಕಂಪನಿಗಳ ಜಗಳ. ಬ್ಯಾಂಕಿಗೂ ಲೌಂಜ್‌ಗೂ ಮಧ್ಯೆ ಲೆಕ್ಕ ನೋಡಿಕೊಳ್ಳುತ್ತಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು. ಆಮೇಲೆ ಬ್ಯಾಂಕುಗಳು ಬೇರೆ ವ್ಯವಸ್ಥೆ ಮಾಡಿಕೊಂಡವು, ಕೆಲವದರಲ್ಲಿ ಕಾರ್ಡ್ ಉಜ್ಜುವ ಬದಲು ಆ್ಯಪ್‌ನಿಂದ ವೋಚರ್ ತೆಗೆಯಬೇಕು. ಆದ್ದರಿಂದ ಹೊರಡುವ ಹಿಂದಿನ ದಿನ ಬ್ಯಾಂಕಿನ ಆ್ಯಪ್‌ನಲ್ಲಿ ಮಂಗಳೂರು ಪಟ್ಟಿಯಲ್ಲಿ ಉಂಟಾ ನೋಡಿ. ಕಸ್ಟಮರ್ ಕೇರ್ ಬಾಯಿಮಾತು ನಂಬಬೇಡಿ.

ಈಗ ಬಹಳ ಜನರಿಗೆ ತಿಳಿಯದ ವಿಷಯ. "ದೇಶೀಯ ಲೌಂಜ್ ಉಚಿತ" ಅಂತ ಬರೆದಿರುವ ಕಾರ್ಡ್ ವಿದೇಶಕ್ಕೆ ಹೋಗುವ ಕಡೆಯ ಲೌಂಜ್‌ಗೆ ಆಗುವುದಿಲ್ಲ. ಒಂದೇ ಏರ್‌ಪೋರ್ಟ್ ಆದರೂ ಇಮಿಗ್ರೇಷನ್ ದಾಟಿದ ಮೇಲೆ ನೀವು ಇನ್ನೊಂದು ಕಡೆಯವರು. ರುಪೇ ಪ್ಲಾಟಿನಂ ಡೆಬಿಟ್ ಕಾರ್ಡ್‌ನಲ್ಲಿ ತ್ರೈಮಾಸಿಕಕ್ಕೆ ಒಂದು ಸಲ ಸಿಗುವುದು ದೇಶೀಯ ಲೌಂಜ್. ಅದರ ಮೇಲಿನ ರುಪೇ ಸೆಲೆಕ್ಟ್‌ನಲ್ಲಿ ವರ್ಷಕ್ಕೆ 2 ಇಂಟರ್‌ನ್ಯಾಷನಲ್ ಉಂಟು, ಆದರೆ ಬಜ್ಪೆಯ ಆ ಕಡೆ ಅದು ನಡೆಯುತ್ತದಾ ಅಂತ ಪಟ್ಟಿ ನೋಡಿಯೇ ಹೇಳಬೇಕು. ಜನಧನ್ ಖಾತೆಯ ಸಾದಾ ರುಪೇಯಲ್ಲಿ ಲೌಂಜ್ ಇಲ್ಲ. ಪ್ರಯಾರಿಟಿ ಪಾಸ್ ಅನ್ನುವ ಲೌಂಜ್ ಸದಸ್ಯತ್ವದ ಕಾರ್ಡ್ ಇದ್ದರೆ, ಬಹಳಷ್ಟು ಬ್ಯಾಂಕುಗಳು ಅದನ್ನು ಕೊಡುವುದು ವಿದೇಶದ ಲೌಂಜ್‌ಗೆ, ಭಾರತದಲ್ಲಿ ತೋರಿಸಿದರೆ ಆಮೇಲೆ ಡಾಲರ್ ಲೆಕ್ಕದಲ್ಲಿ ಬಿಲ್ ಬರಬಹುದು.

ಒಂದು ಕಾರ್ಡ್‌ಗೆ ಒಬ್ಬರು. ನಿಮ್ಮ ಕಾರ್ಡ್‌ನಲ್ಲಿ ಅಪ್ಪ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಲು ಆಗುವುದಿಲ್ಲ, ಗೆಸ್ಟ್ ಅಂದರೆ ದುಡ್ಡು. ಬೋರ್ಡಿಂಗ್ ಪಾಸ್‌ನ ಹೆಸರು, ಕಾರ್ಡ್‌ನ ಹೆಸರು ಒಂದೇ ಇರಬೇಕು, ಕಾರ್ಡ್ ಕೈಯಲ್ಲಿ ಇರಬೇಕು, ಪಿನ್ ನೆನಪಿರಬೇಕು. 2 ರೂಪಾಯಿ ಕಡಿತ ಆದರೆ ಗಾಬರಿ ಬೇಡ, ಅದು ಕಾರ್ಡ್ ಸರಿ ಇದೆಯಾ ಅಂತ ನೋಡಲು.

ಅಪ್ಪನ ಪೆನ್ಶನ್ ಖಾತೆ ಯಾವ ಬ್ಯಾಂಕಿನಲ್ಲಿ? ನಮ್ಮ ಎರಡು ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು, ಸಿಂಡಿಕೇಟ್ 2020ರಲ್ಲಿ ಕೆನರಾ ಆಯಿತು, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕ್ ಆಯಿತು. ನನ್ನ ಚಿಕ್ಕಪ್ಪ ಈಗಲೂ ಕೆನರಾಕ್ಕೆ ಹೋಗಿ "ಸಿಂಡಿಕೇಟ್‌ಗೆ ಹೋಗಿ ಬಂದೆ" ಅನ್ನುತ್ತಾರೆ. ವಿಲೀನ ಆದ ಮೇಲೆ ಬಂದ ಹೊಸ ಕಾರ್ಡ್ ಯಾವ ದರ್ಜೆಯದ್ದು ಅಂತ ಹಿರಿಯರು ನೋಡಿಯೇ ಇರುವುದಿಲ್ಲ. ಪ್ಲಾಟಿನಂ ಅಂತ ಬರೆದಿದ್ದರೆ ಈ ಸಲ ಅಲ್ಲದಿದ್ದರೂ ಮುಂದಿನ ಮುಂಬೈ ಪ್ರಯಾಣಕ್ಕೆ ಆಗುತ್ತದೆ.

ಪಣಂಬೂರು ಪಡ್ಡೆ

ಇಷ್ಟೆಲ್ಲ ಓದಿ ಸುಸ್ತಾಯಿತು ಮಾರಾಯ್ರೆ. ಲೌಂಜ್ ಅಂದರೆ ಎಂತ ದೊಡ್ಡ ಅರಮನೆಯಾ? ರಷ್ ಇದ್ದ ದಿನ ಮದುವೆ ಹಾಲ್‌ನ ಎರಡನೇ ಪಂಕ್ತಿ ಹಾಗೆ, ಒಬ್ಬ ಏಳುವುದನ್ನೇ ಕಾದು ಇನ್ನೊಬ್ಬ ನಿಂತಿರುತ್ತಾನೆ. ತಣ್ಣಗಿನ ಇಡ್ಲಿಗೆ ಮೂರು ತಿಂಗಳಲ್ಲಿ 75,000 ಖರ್ಚು ಮಾಡಬೇಕಾ? ಉಡುಪಿಯವರು ನೀವು, ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿ ಹೊರಡಿ, ನಾಲ್ಕು ನೀರುದೋಸೆ ಡಬ್ಬಿಯಲ್ಲಿ ಹಾಕಿಕೊಳ್ಳಿ, ಗೇಟ್ ಹತ್ತಿರ ಕೂತು ತಿನ್ನಿ. ಯಾರು ಬೇಡ ಅನ್ನುತ್ತಾರೆ?

ಕಾರ್ಡ್ ಪುರಾಣ

@ಪಣಂಬೂರು ಪಡ್ಡೆ ನಿಮಗೆ ಇಪ್ಪತ್ತು ವರ್ಷದ ಮೊಣಕಾಲು ಇರಬಹುದು. ಅವರು ಕೇಳಿದ್ದು ಇಡ್ಲಿ ಅಲ್ಲ, ಅಮ್ಮನಿಗೆ ಕಾಲು ಚಾಚಿ ಕೂರಲು ಜಾಗ, ಹತ್ತಿರದಲ್ಲೇ ಟಾಯ್ಲೆಟ್. ವಿಮಾನ ತಡ ಆದರೆ ಆ ಕುರ್ಚಿಯ ಬೆಲೆ ಗೊತ್ತಾಗುತ್ತದೆ. ಹಾಗಂತ ಲೌಂಜ್‌ಗಾಗಿಯೇ ಹೊಸ ಕಾರ್ಡ್ ಮಾಡಿಸುವುದು ನನ್ನ ಪ್ರಕಾರ ಕೂಡ ದಂಡ. ಹಿರಿಯರಿಬ್ಬರಿಗೆ ದುಡ್ಡು ಕೊಟ್ಟು ಹೋಗುವುದೇ ಸಲೀಸು, ಆದರೆ ಮೊದಲೇ ಕಟ್ಟಬೇಡಿ. ಇಮಿಗ್ರೇಷನ್ ದಾಟಿದ ಮೇಲೆ ಗಡಿಯಾರ ನೋಡಿ, ಒಂದು ಗಂಟೆಗಿಂತ ಜಾಸ್ತಿ ಇದ್ದರೆ ಮಾತ್ರ ಹೋಗಿ.

ಅಂಬಲಪಾಡಿಯವಳು

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ವಿಷಯ ಸಿಗುತ್ತದೆ ಅಂತ ಎಣಿಸಿರಲಿಲ್ಲ. ಪಾಸ್‌ಪೋರ್ಟ್ ತೆಗೆದು ನೋಡಿದೆ. ಅಪ್ಪನದ್ದು ಸರಿ ಉಂಟು, ಅಮ್ಮನದ್ದು ಹೆಸರು ಒಂದೇ, ಸರ್‌ನೇಮ್ ಖಾಲಿ! ನಾಳೆ ವೀಸಾ ಮಾಡಿಸುವವರ ಹತ್ತಿರ ಹೋಗುತ್ತೇನೆ. ಟಿಕೆಟ್ ಮಾಡದೆ ಇದ್ದದ್ದು ಪುಣ್ಯ.

ಇನ್ನೆರಡು ಪ್ರಶ್ನೆ. ಅಮ್ಮನಿಗೆ ವೀಲ್‌ಚೇರ್ ಕೇಳಬಹುದಾ? ಅವರು ನಡೆಯುತ್ತಾರೆ, ಮೆಟ್ಟಿಲೂ ಹತ್ತುತ್ತಾರೆ, ಉದ್ದ ನಡೆಯಲು ಮತ್ತು ನಿಲ್ಲಲು ಮಾತ್ರ ಕಷ್ಟ. "ನಾನೇನು ರೋಗಿಯಾ" ಅಂತ ಈಗಲೇ ಕೋಪ ಬೇರೆ. ಮತ್ತೆ ಬೆಂಗಳೂರಿನ ದಾರಿ ಬಗ್ಗೆ ಯಾರೂ ಹೇಳಲಿಲ್ಲ.

ಹಿಂದೆ ಕೌಂಟರ್‌ನಲ್ಲಿ ಕೂತವನು

ಧಾರಾಳ ಕೇಳಬಹುದು, ಅದು ಇರುವುದೇ ಇಂಥವರಿಗೆ. ಮೂರು ಬಗೆ ಉಂಟು. ಮೆಟ್ಟಿಲು ಹತ್ತುತ್ತಾರೆ ಆದರೆ ದೂರ ನಡೆಯಲು ಆಗುವುದಿಲ್ಲ ಅನ್ನುವವರಿಗೆ ಟಿಕೆಟ್‌ನಲ್ಲಿ ಡಬ್ಲ್ಯೂಸಿಎಚ್‌ಆರ್ ಅಂತ ಬರುತ್ತದೆ, ಮೆಟ್ಟಿಲೂ ಆಗದವರಿಗೆ ಡಬ್ಲ್ಯೂಸಿಎಚ್‌ಎಸ್, ಸೀಟಿನವರೆಗೂ ಸಹಾಯ ಬೇಕಾದವರಿಗೆ ಡಬ್ಲ್ಯೂಸಿಎಚ್‌ಸಿ. ಅಮ್ಮನಿಗೆ ಮೊದಲನೆಯದು ಸಾಕು. ಟಿಕೆಟ್ ಮಾಡುವಾಗಲೇ ಹಾಕಿಸಿ, ಇಲ್ಲವಾದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿ. ವಿಮಾನದಿಂದ ಇಳಿಯುವ ಕಡೆಯೂ ಬೇಕು ಅಂತ ಹೇಳಿ, ದುಬೈಯಲ್ಲಿ ನಡೆಯುವ ದೂರ ಬಜ್ಪೆಯ ಹತ್ತು ಪಾಲು.

ಕ್ಯೂ ತಪ್ಪಿಸಲಿಕ್ಕೆ ಅಂತಲೇ ಗಟ್ಟಿಮುಟ್ಟಾದವರು ವೀಲ್‌ಚೇರ್ ಕೇಳುವುದನ್ನು ನಾನು ಕಂಡಿದ್ದೇನೆ, ಗಾಡಿ ತಳ್ಳುವ ಹುಡುಗರು ಇರುವುದೇ ಕೆಲವೇ ಮಂದಿ, ನಿಜವಾಗಿ ಬೇಕಾದವರು ಕಾಯುತ್ತಾ ಕೂರುತ್ತಾರೆ. ಅಮ್ಮ ಆ ಜಾತಿ ಅಲ್ಲ. ಕೋಪಕ್ಕೆ ಮದ್ದು ಒಂದೇ, ಕೌಂಟರ್‌ವರೆಗೆ ಸುಮ್ಮನೆ ನಡೆಸಿ ಕರೆದುಕೊಂಡು ಹೋಗಿ. ಕ್ಯೂ ನೋಡಿದ ಮೇಲೆ ಅವರೇ ಕೂರುತ್ತಾರೆ. ಜೊತೆಗೆ ಒಬ್ಬರನ್ನು ಬಿಡುತ್ತಾರೆ, ನೀವು ಅಮ್ಮನ ಜೊತೆ ಹೋಗಿ, ಅಪ್ಪನನ್ನೂ ಬಿಡಿ ಅಂತ ಮೆಲ್ಲಗೆ ಕೇಳಿ ನೋಡಿ.

ಮಣಿಪಾಲ–ಯಲಹಂಕ

ಬೆಂಗಳೂರಿನ ದಾರಿ ಬಗ್ಗೆ ನಾನು ಹೇಳುತ್ತೇನೆ, ಅಲ್ಲಿಂದಲೇ ಓಡಾಡುವವನು. ಅಪ್ಪ ಅಮ್ಮನ ಜೊತೆ ಬೇಡ. ಬೇರೆ ಬೇರೆ ಟಿಕೆಟ್ ಅಂದರೆ ಎರಡು ಪಿಎನ್‌ಆರ್, ಅಂದರೆ ಎರಡು ಬುಕಿಂಗ್ ನಂಬರ್. ಬ್ಯಾಗ್ ಬಜ್ಪೆಯಿಂದ ದುಬೈವರೆಗೆ ತಾನಾಗಿ ಹೋಗುತ್ತದೆ ಅಂತ ನಂಬಲು ಆಗುವುದಿಲ್ಲ. ಬೆಂಗಳೂರಿನಲ್ಲಿ ಬೆಲ್ಟ್‌ನಿಂದ ತೆಗೆದುಕೊಂಡು ಹೊರಗೆ ಬಂದು, ಮತ್ತೆ ಬಾಗಿಲಲ್ಲಿ ತೋರಿಸಿ, ಮತ್ತೆ ಚೆಕ್-ಇನ್ ಕ್ಯೂ. ನೀವು ತಪ್ಪಿಸಬೇಕು ಅಂತ ಇರುವ ಕ್ಯೂ ಎರಡು ಸಲ ಆಯಿತು. 2023ರ ಸೆಪ್ಟೆಂಬರ್‌ನಿಂದ ಬೆಂಗಳೂರಿನ ವಿದೇಶ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ಮಂಗಳೂರಿನಿಂದ ಹೋದ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಸಾಮಾನು ಸಮೇತ ಶಟಲ್ ಬಸ್ ಹತ್ತಬೇಕು. ಎಲ್ಲಕ್ಕಿಂತ ದೊಡ್ಡದು, ಮೊದಲ ವಿಮಾನ ತಡ ಆಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಅದು ಸಂಬಂಧವೇ ಇಲ್ಲ, ನೀವು ಬಂದಿಲ್ಲ ಅಂತ ಬರೆದುಕೊಳ್ಳುತ್ತಾರೆ. ತಲೆಗೆ ಉಳಿದ ಸ್ವಲ್ಪ ದುಡ್ಡಿನ ಮೂರು ಪಟ್ಟು ಹೋಗುತ್ತದೆ.

ಒಂದೇ ಪಿಎನ್‌ಆರ್‌ನಲ್ಲಿ ಸಿಕ್ಕಿದರೆ ಬೇರೆ ಮಾತು, ಆಗ ಬ್ಯಾಗ್ ಕೊನೆಯವರೆಗೆ ಟ್ಯಾಗ್ ಮಾಡುತ್ತಾರಾ ಅಂತ ಕೌಂಟರ್‌ನಲ್ಲಿ ಕೇಳಿ, ಟ್ಯಾಗ್ ಮೇಲೆ ದುಬೈಯ ಕೋಡ್ ಡಿಎಕ್ಸ್‌ಬಿ ಅಂತ ಇದೆಯಾ ಕಣ್ಣಾರೆ ನೋಡಿ.

ಡಿಜಿಯಾತ್ರೆ ಬಗ್ಗೆ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾದ ಅದು ದೇಶದೊಳಗಿನ ಪ್ರಯಾಣಕ್ಕೆ. ಮುಖ ತೋರಿಸಿ ಬಾಗಿಲು, ಸೆಕ್ಯುರಿಟಿ ದಾಟಬಹುದು, ಬ್ಯಾಗ್ ಹಾಕುವ ಕ್ಯೂಗೆ ಅದರಿಂದ ಏನೂ ಆಗುವುದಿಲ್ಲ. ಇಮಿಗ್ರೇಷನ್ ಕ್ಯೂ ತಪ್ಪಿಸಲು ಬೇರೆ ಒಂದು ಸರಕಾರಿ ಯೋಜನೆ ಉಂಟು, ಎಫ್‌ಟಿಐ-ಟಿಟಿಪಿ ಅಂತ, 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ. ಮೊದಲೇ ಅರ್ಜಿ ಹಾಕಿ ಬೆರಳಚ್ಚು ಕೊಟ್ಟರೆ ಗೇಟಿನಲ್ಲಿ ಸ್ಕ್ಯಾನ್ ಮಾಡಿ ಹೋಗಬಹುದು. ಆಗಾಗ ಹೋಗುವವರಿಗೆ ಒಳ್ಳೆಯದು, ಒಂದು ಪ್ರಯಾಣಕ್ಕೆ ಅಷ್ಟೆಲ್ಲ ಬೇಡ.

ಕಿನ್ನಿಗೋಳಿ ರಿಟರ್ನ್

ಮುಂದಿನ ತಿಂಗಳು ಅಂದರೆ ಮಳೆ ಶುರು ಅಲ್ವಾ? ಬಜ್ಪೆ ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ. ಜೋರು ಮಳೆ, ಮೋಡ ಇದ್ದರೆ ಪೈಲಟ್ ಇಳಿಸುವುದಿಲ್ಲ, ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಬರಬೇಕಾದ ವಿಮಾನ ಬಾರದಿದ್ದರೆ ಹೋಗಬೇಕಾದದ್ದೂ ಇಲ್ಲ. ಅಂಥ ರಾತ್ರಿ ಲೌಂಜ್ ಬಾಗಿಲಲ್ಲೂ ಕ್ಯೂ, ಮತ್ತೆ ಲೌಂಜ್‌ನಲ್ಲಿ ಕೂರಲು ಬಿಡುವುದೇ ಎರಡು ಮೂರು ಗಂಟೆ.

ಒಂದು ನಿಯಮ ನೆನಪಿಡಿ. ವಿಮಾನ ಕಂಪನಿಗಳಿಗೆ ನಿಯಮ ಮಾಡುವ ಸರಕಾರಿ ಸಂಸ್ಥೆ ಡಿಜಿಸಿಎ ಲೆಕ್ಕದಲ್ಲಿ ಎರಡೂವರೆ ಗಂಟೆ ಒಳಗಿನ ಹಾರಾಟ 2 ಗಂಟೆ ತಡ ಆದರೆ, ಎರಡೂವರೆಯಿಂದ 5 ಗಂಟೆಯ ಹಾರಾಟ 3 ಗಂಟೆ ತಡ ಆದರೆ, ಸಮಯಕ್ಕೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ ಕಂಪನಿ ತಿಂಡಿ ಕೊಡಬೇಕು. ದುಬೈ ಎರಡನೇ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಕೂತರೆ ಯಾರೂ ತಂದು ಕೊಡುವುದಿಲ್ಲ, ಹೋಗಿ ಕೇಳಬೇಕು, ಕೂಗಾಡದೆ ಕೇಳಿದರೆ ಕೊಡುತ್ತಾರೆ. ಕೊಡದಿದ್ದರೆ ಏರ್‌ಸೇವಾ ಅಂತ ಸರಕಾರದ ಆ್ಯಪ್ ಉಂಟು, ಅದರಲ್ಲಿ ದೂರು ಹಾಕಿ. ಅಮ್ಮನ ಮಾತ್ರೆ ಮಾತ್ರ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿ ಸಮೇತ, ಎರಡು ದಿನಕ್ಕೆ ಜಾಸ್ತಿ ಹಾಕಿ.

ಅಂಬಲಪಾಡಿಯವಳು

ಸರಿ, ನೇರ ವಿಮಾನವೇ. ಬೆಂಗಳೂರು ಕ್ಯಾನ್ಸಲ್. ಅಮ್ಮನ ಹೆಸರಿನದ್ದು ಮೊದಲು ಆಗಲಿ, ಅದರ ಮೇಲೆ ಟಿಕೆಟ್. ಲೌಂಜ್ ಅಪ್ಪ ಅಮ್ಮನಿಗೆ ದುಡ್ಡು ಕೊಟ್ಟು, ನನ್ನ ಕಾರ್ಡ್ ನಡೆದರೆ ನಡೆಯಿತು. ಅಪ್ಪನಿಗೆ ಇದೆಲ್ಲ ಓದಿ ಹೇಳಿದೆ. ಕೌಂಟರ್ ತೆರೆಯುವುದೇ ಮೂರು ಗಂಟೆ ಮುಂಚೆ ಅಂದಾಗ "ಹಾಗಾದರೆ ತೆರೆಯುವ ಅರ್ಧ ಗಂಟೆ ಮುಂಚೆ ಅಲ್ಲಿರುವ, ಮೊದಲ ನಂಬರ್ ನಮ್ಮದೇ" ಅಂದರು. ಮಸಾಲೆ ಪುಡಿಯಲ್ಲಿ ಗಸಗಸೆ ಉಂಟಂತೆ, ಅಮ್ಮ ಈಗ ಹೊಸದಾಗಿ ಹುರಿಯುತ್ತಿದ್ದಾರೆ.

ಪಣಂಬೂರು ಪಡ್ಡೆ

ಹಳೆ ಪುಡಿ ಬಿಸಾಡಬೇಡಿ, ನಾನು ಬಂದು ತೆಗೆದುಕೊಂಡು ಹೋಗುತ್ತೇನೆ.